ಬಿಸಿಲನಾಡಿನಲ್ಲೊಂದು ಆಟದ ಗಣಕಯಂತ್ರ

ಬಿಜಾಪುರವು 2014ರಲ್ಲಿ ವಿಜಯಪುರವಾಯಿತು. ಬಿಸಿಲು ಮಾತ್ರ ಬದಲಾಗಲಿಲ್ಲ. ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುವ ಈ ನಗರದಲ್ಲಾಗಲಿ, ನೆರೆಯ ತಿಕೋಟಾ, ಬಬಲೇಶ್ವರಗಳಲ್ಲಾಗಲಿ, ಉಳಿಸಿದ ಹಣದಿಂದ ಮಗನಿಗೆ ಮೊದಲ ಆಟದ ಗಣಕಯಂತ್ರವನ್ನು ಜೋಡಿಸಿಕೊಡಲು ಹೊರಟ ತಂದೆ ಮೊದಲು ಯೋಚಿಸಬೇಕಾದುದು ಗಾಳಿ ಮತ್ತು ವಿದ್ಯುತ್ತಿನ ವಿಚಾರವನ್ನು. ಹುಡುಗನ ಕಣ್ಣು ಬಣ್ಣದ ದೀಪಗಳ ಗಾಜಿನ ಪೆಟ್ಟಿಗೆಯ ಮೇಲೆ! ಆದರೆ ಮುಂಭಾಗದಲ್ಲಿ ಜಾಳಿಗೆಯೂ ಧೂಳು ತಡೆಯುವ ಪರದೆಯೂ ಉಳ್ಳ ಪೆಟ್ಟಿಗೆಯೇ ಮೇಲು.

ಆಟದ ಚಿತ್ರಗಳು ಸರಾಗವಾಗಿ ಓಡುವುದು ಮುಖ್ಯವಾಗಿ ಗ್ರಾಫಿಕ್ಸ್ ಕಾರ್ಡಿನ ಬಲದಿಂದ. ಹಣದ ದೊಡ್ಡ ಪಾಲನ್ನು ನುಂಗುವುದೂ ಅದೇ. ಅಷ್ಟು ಹಣ ಕೂಡಿಬರದಿದ್ದರೆ, 2021ರಲ್ಲಿ ಬಂದ ರೈಜನ್ 5 5600ಜಿಯಂತಹ, ಚಿತ್ರ ಮೂಡಿಸುವ ಶಕ್ತಿಯನ್ನು ತನ್ನಲ್ಲೇ ಅಡಗಿಸಿಕೊಂಡ ಪ್ರೊಸೆಸರಿನಿಂದ ಆರಂಭಿಸುವುದು ಜಾಣತನ. ಅದು ರ‍್ಯಾಮನ್ನೇ ಎರವಲು ಪಡೆದು ಕೆಲಸ ಮಾಡುವುದರಿಂದ, 16 ಜಿಬಿಯ ಒಂದರ ಬದಲು 8 ಜಿಬಿಯ ಎರಡನ್ನು ಹಾಕಿದರೆ ಓಟ ಹೆಚ್ಚುತ್ತದೆ. ಕಾರ್ಡು ಮುಂದಿನ ದ್ರಾಕ್ಷಿ ಸುಗ್ಗಿಗೆ ಬರಲಿ.

ಆ ದಿನವನ್ನು ಎಣಿಸಿ ಪವರ್ ಸಪ್ಲೈಯನ್ನು ಮಾತ್ರ ಈಗಲೇ ಬಲವಾದುದನ್ನೇ ಕೊಳ್ಳತಕ್ಕದ್ದು. ಉಳಿತಾಯಕ್ಕೆಂದು ಹಲವರು ಕತ್ತರಿ ಹಾಕುವುದು ಇದಕ್ಕೇ. ಕೆಡುವಾಗ ಮದರ್‌ಬೋರ್ಡನ್ನೂ ಜೊತೆಗೆ ಕೆಡಿಸಬಲ್ಲ ಭಾಗವೂ ಇದೇ. ಅದರ ಮೇಲಿನ ‘80 ಪ್ಲಸ್’ ಮುದ್ರೆ ವಿದ್ಯುತ್ತಿನ ಮಿತವ್ಯಯವನ್ನು ಹೇಳುತ್ತದೆಯೇ ಹೊರತು ಬಾಳಿಕೆಯನ್ನಲ್ಲ. ಆದ್ದರಿಂದ ಗ್ಯಾರಂಟಿಯ ವರ್ಷಗಳನ್ನೂ ನೋಡಬೇಕು. ಪಂಪ್‌ಸೆಟ್ಟುಗಳು ಚಾಲೂ ಆದೊಡನೆ ದೀಪ ಮಂಕಾಗುವ ಮನೆಯಾದರೆ, ಯುಪಿಎಸ್‌ಗೂ ಒಂದಿಷ್ಟು ಹಣ ತೆಗೆದಿಡುವುದು ಒಳಿತು.