ಕಾಂಪೌಂಡ್ ಗೋಡೆಯ ಬೆಳ್ಳಿ ಕಾಡು

ಫುಟ್‌ಪಾತಿನ ಚಪ್ಪಡಿಗಳ ಸಂದಿಯಲ್ಲಿ, ಹಳೆಯ ಕಾಂಪೌಂಡ್ ಗೋಡೆಯ ನೆತ್ತಿಯಲ್ಲಿ ಬೂದುಬಿಳಿಯಾಗಿ ಮಿನುಗುವ ಪಾಚಿಯೊಂದಿದೆ. ದಿನಾ ನೋಡುತ್ತೇವೆ, ತುಳಿದುಕೊಂಡೇ ಹೋಗುತ್ತೇವೆ. ಅದೇ ಪಾಚಿ, ಅದೇ ಜಾತಿ, ಅಂಟಾರ್ಕ್ಟಿಕಾದಲ್ಲೂ ಇದೆ! ಬೇಸಿಗೆಯಲ್ಲಿ ಹಿಮ ಕರಗಿ ಒಂದಿಷ್ಟು ನೀರು ಜಿನುಗಿದರೆ ಸಾಕು, ಅಲ್ಲಿಯ ಬೋಳು ನೆಲದಲ್ಲೂ ಬದುಕಿಕೊಳ್ಳುತ್ತದೆ. ಏಳೂ ಖಂಡಗಳಲ್ಲಿ ಬೇರೂರಿದೆ ಎಂದು ಬರೆಯಲು ಹೊರಟೆ. ಆದರೆ ಇದಕ್ಕೆ ನಿಜವಾದ ಬೇರೇ ಇಲ್ಲ!

ಹೆಸರು ಬ್ರಯಂ ಅರ್ಜೆಂಟಿಯಂ, ಬೆಳ್ಳಿಯ ಪಾಚಿ. ಒಂದು ಭೂತಗನ್ನಡಿ ಹಿಡಿದು ಬಗ್ಗಿ ನೋಡಿ. ಒಂದು ಸೆಂಟಿಮೀಟರ್ ಎತ್ತರವೂ ಇಲ್ಲದ ನೂರಾರು ಗಿಡಗಳು ಒತ್ತೊತ್ತಾಗಿ ನಿಂತಿವೆ. ಪ್ರತಿ ಗಿಡವೂ ಎಲೆಯ ಮೇಲೆ ಎಲೆ ಒತ್ತಿ ಕೂತು, ಬಿಗಿಯಾಗಿ ಹೆಣೆದ ಪುಟ್ಟ ಜಡೆಯ ಹಾಗೆ ಕಾಣುತ್ತದೆ. ಎಲೆಯ ದಪ್ಪ ಬಹುಪಾಲು ಒಂದೇ ಒಂದು ಜೀವಕೋಶ! ತುದಿಯ ಕೋಶಗಳಲ್ಲಿ ಪತ್ರಹರಿತ್ತೇ ಇಲ್ಲ. ಅವು ಖಾಲಿ, ಪಾರದರ್ಶಕ. ಬಿಸಿಲು ಬಿದ್ದರೆ ಚದುರಿಸಿ ಹಿಂದಕ್ಕೆ ಕಳಿಸುತ್ತವೆ, ಕೆಳಗಿನ ಹಸಿರು ಭಾಗವನ್ನು ಕಾಯುತ್ತವೆ. ನಮಗೆ ಕಾಣುವ ಬೆಳ್ಳಿ ಬಣ್ಣ ಅದೇ.

ಏಪ್ರಿಲ್ ಬಿಸಿಲಿಗೆ ಗೋಡೆಯ ಜೊತೆಗೆ ಇದೂ ಗರಿಗರಿ ಒಣಗುತ್ತದೆ. ಸತ್ತೇಹೋಯಿತು ಅಂದುಕೊಳ್ಳಬೇಕು, ಹಾಗೆ. ನಾಲ್ಕು ಹನಿ ನೀರು ಚಿಮುಕಿಸಿ: ಎಲೆಗಳೇ ನೀರು ಹೀರಿ ಉಬ್ಬುತ್ತವೆ, ಒಳಗಿನ ಹಸಿರು ಮೇಲೆದ್ದು ಬರುತ್ತದೆ, ನಿಂತುಹೋಗಿದ್ದ ಬದುಕು ಮತ್ತೆ ಶುರು! ಗಿಡದ ತುದಿ ಮುರಿದು ಯಾರದೋ ಚಪ್ಪಲಿಗೆ ಅಂಟಿಕೊಂಡರೆ, ಬಿದ್ದ ಕಡೆ ಹೊಸ ಗಿಡವಾಗಬಲ್ಲದು.

ಇದು ಒಂದು ಜಾತಿಯ ಕಥೆ. ಲೋಕದಲ್ಲಿ ಇಂಥ ಪಾಚಿಗಳು ಸುಮಾರು 12,000 ಜಾತಿ! ಗೋಡೆಯ ಮೇಲೆಯೇ ಹಯೋಫಿಲಾ ಎಂಬ ಇನ್ನೊಂದು ಸಿಗುತ್ತದೆ. ಒಣಗಿದಾಗ ಎಲೆಯ ಅಂಚುಗಳನ್ನು ಒಳಕ್ಕೆ ಸುತ್ತಿಕೊಂಡು, ನೀರು ತಾಗಿದರೆ ಅರಳಿಬಿಡುತ್ತದೆ. ಪಿಯುಸಿ ಜೀವಶಾಸ್ತ್ರದಲ್ಲಿ ಫ್ಯುನೇರಿಯಾ ಎಂಬ ಪಾಚಿಯ ಚಿತ್ರ ಬರೆದವರು ಎಷ್ಟು ಜನ! ಬೆಂಕಿ ಬಿದ್ದು ಸುಟ್ಟ ನೆಲ ಅದಕ್ಕೆ ಬಲು ಇಷ್ಟದ ಜಾಗ ಎಂದು ಆಗ ಯಾರಾದರೂ ಹೇಳಿದ್ದರೆ ಆ ಚಿತ್ರ ಇನ್ನಷ್ಟು ಆಸೆಯಿಂದ ಬರೆಯುತ್ತಿದ್ದೆವು.

ಆದರೆ ನನ್ನನ್ನು ದಂಗುಬಡಿಸಿದ್ದು ಇವುಗಳ ಪ್ರಣಯ. ಬೆಳ್ಳಿ ಪಾಚಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡಿನ ವೀರ್ಯಾಣು ನೀರಿನ ಪದರದಲ್ಲಿ ಈಜಿಯೇ ಹೆಣ್ಣನ್ನು ಸೇರಬೇಕು. ನಡುವೆ ಎರಡೇ ಸೆಂಟಿಮೀಟರ್ ಇದ್ದರೂ ಅದು ಈಜಿ ದಾಟಲು ಕಷ್ಟದ ದೂರ. ಹಾಗಾದರೆ ದಾಟಿಸುವವರು ಯಾರು? ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ನಿಲ್ಸ್ ಕ್ರೋನ್‌ಬರ್ಗ್ ಮತ್ತು ಸಂಗಡಿಗರು ಇದೇ ಬೆಳ್ಳಿ ಪಾಚಿಯ ಗಂಡು, ಹೆಣ್ಣು ತುಣುಕುಗಳನ್ನು ಜಿಪ್ಸಂ ಹಾಸಿನ ಮೇಲೆ ಇಟ್ಟರು. ಕೆಲವನ್ನು ತಾಗಿಸಿ, ಕೆಲವನ್ನು 2 ಸೆಂಟಿಮೀಟರ್, ಕೆಲವನ್ನು 4 ಸೆಂಟಿಮೀಟರ್ ದೂರದಲ್ಲಿ. ದೂರವಿಟ್ಟ ಹೆಣ್ಣುಗಳು ಬಂಜೆಯಾಗಿಯೇ ಉಳಿದವು. ಇಂಥದೇ ಹಾಸಿನ ಮೇಲೆ ಮಣ್ಣಿನ ಸಣ್ಣ ಜೀವಿಗಳಾದ ಸ್ಪ್ರಿಂಗ್‌ಟೇಲ್‌ಗಳನ್ನೋ ನುಸಿಗಳನ್ನೋ ಬಿಟ್ಟಾಗ, ದೂರದ ಹೆಣ್ಣುಗಳೂ ಫಲಿಸಿದವು! 2006ರಲ್ಲಿ 'ಸೈನ್ಸ್' ಪತ್ರಿಕೆ ಇದನ್ನು ಪ್ರಕಟಿಸಿತು. ಹೂವಿಗೆ ದುಂಬಿ ಹೇಗೋ, ಹೂವೇ ಇಲ್ಲದ ಪಾಚಿಗೆ ಈ ಕಣ್ಣಿಗೆ ಸುಲಭಕ್ಕೆ ಕಾಣದಷ್ಟು ಸಣ್ಣ ಓಡಾಡಿಗಳು!

ಇನ್ನೂ ಇದೆ. ಸೆರಟೊಡಾನ್ ಎಂಬ ಇನ್ನೊಂದು ಪಾಚಿಯಲ್ಲಿ ಗಂಡಿನ ವಾಸನೆ ಬೇರೆ, ಹೆಣ್ಣಿನ ವಾಸನೆ ಬೇರೆ. ಸ್ಪ್ರಿಂಗ್‌ಟೇಲ್‌ಗಳು ಹೆಚ್ಚಾಗಿ ಹೆಣ್ಣಿನ ಕಡೆಗೇ ಹರಿಯುತ್ತವೆ ಎಂದು 2012ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಪಾಚಿಗೆ ಪರಿಮಳ! ಭೂಮಿಯಲ್ಲಿ ಮೊದಲ ಹೂವು ಅರಳುವುದಕ್ಕೆ ಎಷ್ಟೋ ಕೋಟಿ ವರ್ಷ ಮುಂಚೆಯೇ ಪಾಚಿಯೂ ಇತ್ತು, ಸ್ಪ್ರಿಂಗ್‌ಟೇಲೂ ಇತ್ತು. ಈ ಕೊಡುಕೊಳ್ಳುವಿಕೆ ಎಷ್ಟು ಹಳೆಯದಿರಬಹುದು!

ಮಳೆಗಾಲ ಕಳೆಯುವ ಹೊತ್ತಿಗೆ ನಿಮ್ಮ ಗೋಡೆಯ ಬೆಳ್ಳಿ ಮೆತ್ತೆಯನ್ನು ಹುಡುಕಿ. ಕೂದಲೆಳೆಯಂಥ ಕೆಂಪು ದಂಟಿನ ತುದಿಯಲ್ಲಿ ತಲೆ ತಗ್ಗಿಸಿದ ಪುಟ್ಟ ಬೀಜಕದ ಚೀಲ ಕಂಡರೆ, ಅಲ್ಲಿ ಗಂಡು ಹೆಣ್ಣು ಕೂಡಿವೆ ಎಂದೇ ಅರ್ಥ. ಮಳೆಹನಿ ಸಿಡಿದು ಕೂಡಿಸಿತೋ, ನುಸಿಯೊಂದು ಹೊತ್ತು ತಂದಿತೋ ಗೊತ್ತಿಲ್ಲ. ಭೂತಗನ್ನಡಿ ಅಲ್ಲೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದು ನೋಡಿ. ಎಲೆಗಳ ನಡುವೆ ಓಡಾಡುವವರು ಸಿಕ್ಕರೂ ಸಿಗಬಹುದು.