ವ್ಯವಹಾರ ಶಿಕ್ಷಣದಲ್ಲಿ ಅನುಭವಾತ್ಮಕ ಕಲಿಕೆ

ಅನುಭವಾತ್ಮಕ ಕಲಿಕೆಯು ವಿದ್ಯಾರ್ಥಿಯು ತಾನೇ ಕಾರ್ಯದಲ್ಲಿ ತೊಡಗಿ, ಅದರ ಫಲಿತಾಂಶವನ್ನು ಪರಾಮರ್ಶಿಸಿ ತಿಳಿವಳಿಕೆ ಪಡೆಯುವ ವಿಧಾನವಾಗಿದೆ. ಪದವಿ ತರಗತಿಗಳಲ್ಲಿ ವ್ಯವಹಾರ ಕಾರ್ಯತಂತ್ರವನ್ನು ಬೋಧಿಸಲು ಅನುಕರಣ ಆಟಗಳು ಮತ್ತು ಸಂಸ್ಥೆಗಳಲ್ಲಿನ ಯೋಜನಾಕಾರ್ಯಗಳು ಬಳಕೆಯಲ್ಲಿವೆ.

ಹಿನ್ನೆಲೆ

ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ, ಎಲ್ಲ ಅನುಭವಗಳೂ ಸಮಾನವಾಗಿ ಶಿಕ್ಷಣ ನೀಡುವುದಿಲ್ಲವೆಂದು 1938ರಲ್ಲಿ ಪ್ರತಿಪಾದಿಸಿದರು. ಡೇವಿಡ್ ಕೋಲ್ಬ್ 1984ರ ತಮ್ಮ ಕೃತಿಯಲ್ಲಿ ಕಲಿಕೆಯನ್ನು ಅನುಭವ, ಪರ್ಯಾಲೋಚನೆ, ಪರಿಕಲ್ಪನೆ ಮತ್ತು ಪ್ರಯೋಗಗಳೆಂಬ 4 ಹಂತಗಳ ಚಕ್ರವಾಗಿ ನಿರೂಪಿಸಿದರು.

ಬಿಯರ್ ವಿತರಣಾ ಆಟ

1960ರ ದಶಕದಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಈ ಆಟವು ಪ್ರಸಿದ್ಧ ಉದಾಹರಣೆಯಾಗಿದೆ. ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ ಮತ್ತು ತಯಾರಕರ ಪಾತ್ರ ವಹಿಸುವವರು ಪರಸ್ಪರ ಮಾತನಾಡುವಂತಿಲ್ಲ. ಬೇಡಿಕೆಯ ಚೀಟಿಗಳನ್ನಷ್ಟೇ ಕಳುಹಿಸಬೇಕು. ಸರಕು ತಲುಪಲು ಕೆಲವು ವಾರಗಳು ಬೇಕಾಗುತ್ತವೆ. ಸಾಮಾನ್ಯ ರೂಪದ ಆಟದಲ್ಲಿ ಗ್ರಾಹಕರ ಬೇಡಿಕೆಯು ವಾರಕ್ಕೆ 4 ಪೆಟ್ಟಿಗೆಗಳಿಂದ 8ಕ್ಕೆ ಒಮ್ಮೆ ಮಾತ್ರ ಏರಿ ಸ್ಥಿರವಾಗುತ್ತದೆ. ಆದರೂ ಕೊರತೆಗೆ ಅಂಜಿದ ಆಟಗಾರರು ಅಗತ್ಯಕ್ಕಿಂತ ಹೆಚ್ಚು ತರಿಸುತ್ತಾರೆ. ತಡವಾಗಿ ಬಂದ ಸರಕು ದಾಸ್ತಾನಿನಲ್ಲಿ ರಾಶಿ ಬೀಳುತ್ತದೆ. ಬೇಡಿಕೆಯ ಏರಿಳಿತವು ತಯಾರಕನತ್ತ ಸಾಗಿದಂತೆ ಹಿಗ್ಗುವುದನ್ನು ‘ಬುಲ್‌ವಿಪ್ ಪರಿಣಾಮ’ ಎನ್ನುತ್ತಾರೆ.

ಆಟ ಮುಗಿದಾಗ ಅನೇಕರು ಗ್ರಾಹಕರನ್ನೋ ಜೊತೆಗಾರರನ್ನೋ ದೂರುತ್ತಾರೆ. ಬಳಿಕ ನಡೆಯುವ ಚರ್ಚೆಯಲ್ಲಿ ನೈಜ ಬೇಡಿಕೆಯ ನಕ್ಷೆಯನ್ನು ಕಂಡಾಗ, ದೋಷವು ವ್ಯವಸ್ಥೆಯ ರಚನೆಯಲ್ಲೂ ತಮ್ಮ ತೀರ್ಮಾನಗಳಲ್ಲೂ ಇತ್ತೆಂಬುದು ಮನದಟ್ಟಾಗುತ್ತದೆ. ಈ ಚರ್ಚೆಯಿಲ್ಲದಿದ್ದರೆ ವಿದ್ಯಾರ್ಥಿಯು ತಪ್ಪು ಪಾಠವನ್ನೇ ಕಲಿತು ಹೋಗುವ ಸಾಧ್ಯತೆಯಿದೆ.

ಮಿತಿಗಳು

ಗಳಿಸಿದ ಲಾಭವೊಂದನ್ನೇ ನೋಡಿ ಅಂಕ ನೀಡಿದರೆ ಅದೃಷ್ಟವು ಜಾಣ್ಮೆಯೆಂದು ಎಣಿಕೆಯಾಗಬಹುದು. ಸೋತ ತಂಡದ ಉತ್ತಮ ವಿವೇಚನೆ ಗಮನಕ್ಕೆ ಬಾರದಿರಬಹುದು. ಆದ್ದರಿಂದ ವಿದ್ಯಾರ್ಥಿಯು ತನ್ನ ತೀರ್ಮಾನಗಳಿಗೆ ಬರೆದು ಕೊಡುವ ಕಾರಣಗಳನ್ನೂ ಮೌಲ್ಯಮಾಪನದಲ್ಲಿ ಪರಿಗಣಿಸುವುದು ಉಚಿತ.