ಮಗುವಿನ ಕೈಗೊಂದು ರಾಗಿಹಿಟ್ಟಿನ ಉಂಡೆ

ರೊಟ್ಟಿಗೆ ಹಿಟ್ಟು ಕಲಸುವಾಗ ಮಗು ಕೈ ಹಾಕಿದರೆ ಗದರುತ್ತೀರಾ? ಗದರಬೇಡಿ. ಒಂದು ಉಂಡೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಟ್ಟುವುದು, ಹಿಸುಕುವುದು, ಸುರಿಯುವುದು ಮಗುವಿಗೆ ಪಾಠವೇ ಸರಿ. ಬೆರಳುಗಳು ಬಲಗೊಂಡು ಮುಂದೆ ಬಳಪ ಹಿಡಿಯಲು, ಗುಂಡಿ ಹಾಕಲು ಸಿದ್ಧವಾಗುತ್ತವೆ. ಒಂದೇ ಆಟದಲ್ಲಿ ಮನಸ್ಸು ನಿಲ್ಲುವುದರಿಂದ ಹಟ, ಸಿಡುಕು ತಣಿಯಲೂ ಎಷ್ಟೋ ಮಕ್ಕಳಿಗೆ ಇದು ನೆರವಾಗುತ್ತದೆ.

ಇದಕ್ಕೆ ದುಬಾರಿ ಆಟಿಕೆ ಬೇಕಿಲ್ಲ. ಮಾಗಡಿ, ಕನಕಪುರದ ಮನೆಗಳಲ್ಲಿ ರಾಗಿಗೇನು ಬರ? ರಾಮನಗರದ ಆಚೆಯ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು, ಬಣ್ಣದ ಅರಗು ಹಚ್ಚಿದ ಗಿಲಕಿ, ಬುಗುರಿಗಳಿವೆ. ನುಣುಪು, ತೂಕ, ಸದ್ದು ಎಲ್ಲವನ್ನೂ ಮಗು ಅವುಗಳಿಂದ ಅರಿಯುತ್ತದೆ. ಬಾಯಿಗೆ ಹಾಕುವ ವಯಸ್ಸಾದ್ದರಿಂದ ಸಸ್ಯಜನ್ಯ ಬಣ್ಣದ್ದೇ ಎಂದು ಕೇಳಿ ಕೊಳ್ಳಿ.

ಎಚ್ಚರವೂ ಇರಲಿ. ಮೂರು ವರ್ಷದೊಳಗಿನ ಮಕ್ಕಳಿಗೆ ಹುಣಸೆಬೀಜ, ಕಡಲೆ, ಮಣಿ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಾಪಾಯ. ಬಕೆಟ್ಟಿನಲ್ಲಿ ನಾಲ್ಕು ಬೆರಳು ನೀರಿದ್ದರೂ ಕೂಸನ್ನು ಒಂಟಿಯಾಗಿ ಬಿಡಬೇಡಿ.

ಅಂಟು ಪದಾರ್ಥ ಮುಟ್ಟಲು ಹೇಸುವ ಮಗುವನ್ನು ಬಲವಂತಪಡಿಸದೆ ಮೊದಲು ಚಮಚ ಕೊಡಿ. ಮುಟ್ಟಿದರೆ, ಸದ್ದು ಕೇಳಿದರೆ ದಿನವೂ ವಿಪರೀತ ಕಿರುಚುತ್ತಿದ್ದರೆ, ಮಾತು ತಡವಾಗಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಉಳಿದಂತೆ, ಅಂಗಿಗೆ ಮೆತ್ತಿದ ಹಿಟ್ಟು ಒಗೆದರೆ ಹೋಗುತ್ತದೆ.